ಬೆಳಗಾವಿ ಜಿಲ್ಲೆಯ ಖಾನಾಪುರ ಕಡೆಯ ಒಂದನೇ ತರಗತಿಗೆ ಎಂಥ ಚಿತ್ರಪುಸ್ತಕ?

ನಿಮ್ಮ ತರಗತಿಯಲ್ಲಿ, ಮನೆಯಲ್ಲಿ ಮರಾಠಿ ಆಡುವ ಮಕ್ಕಳು ಕನ್ನಡ ಪುಸ್ತಕ ತೆರೆದು ಎರಡೇ ನಿಮಿಷಕ್ಕೆ ಬಿಡುತ್ತಾರೆ ಅಂದಿದ್ದೀರಿ. ಪುಟದಲ್ಲಿ ಅಕ್ಷರ ಜಾಸ್ತಿ ಆಗಿರಬೇಕು. ಮಕ್ಕಳನ್ನು ನೋಡದೆ ಪಕ್ಕಾ ಹೇಳಲಾರೆ.

ಮೊದಲು ಅಕ್ಷರವೇ ಇಲ್ಲದ ಚಿತ್ರಕಥೆ ಕೊಡಿ. ಮಕ್ಕಳು ಮರಾಠಿಯಲ್ಲೇ ಕಥೆ ಹೇಳಲಿ, ತಡೆಯಬೇಡಿ. ಅದನ್ನೇ ನೀವು ಕನ್ನಡದಲ್ಲಿ ಹೇಳಿ. ಆಮೇಲೆ ಪುಟಕ್ಕೆ ಒಂದೆರಡು ಸಾಲು ಇರುವಂಥದ್ದು, ಅದರಲ್ಲೂ ಒಂದೇ ಮಾತು ಮತ್ತೆ ಮತ್ತೆ ಬರುವಂಥದ್ದು ಹುಡುಕಿ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ತಾಣದಲ್ಲಿ ಕನ್ನಡ, ಮರಾಠಿ ಎರಡೂ ಉಚಿತವಾಗಿ ಸಿಗುತ್ತವೆ. ಅಲ್ಲಿ ಹಂತ 1 ಅಂದರೆ ಈಗಷ್ಟೇ ಓದಲು ಶುರುಮಾಡುವ ಮಕ್ಕಳ ಪುಸ್ತಕ, ಅದನ್ನೇ ಆರಿಸಿ. ಪ್ರಿಂಟ್ ದೊಡ್ಡದಾಗಿರಲಿ, ಹಿಂದೆ ಕೂತವರಿಗೂ ಚಿತ್ರ ಕಾಣಬೇಕಲ್ವಾ?

ಕೊನೆಗೆ ಬುದ್ಧಿಮಾತು ಹೇಳುವ ಪುಸ್ತಕಗಳನ್ನು ನಾನಂತೂ ಬದಿಗಿಡುತ್ತೇನೆ. ಕೊಳ್ಳುವ ಮುಂಚೆ ಒಂದು ಪುಟ ಸುಮ್ನೆ ಮಕ್ಕಳ ಮುಂದಿಡಿ. ಯಾರಾದರೂ ತಾವಾಗಿ ಬೆರಳಿಟ್ಟು ಏನಾದರೂ ತೋರಿಸಿದರೆ ಅದನ್ನೇ ತಗೊಳ್ಳಿ.