ನಮ್ಮೂರಾಗ ಮಳಿನೇ ಇಲ್ಲ, ಹೊಳಿ ಯಾಕ ಬಂತು?

ಪ್ರಶ್ನೆ: ನಮ್ದು ಚಿಕ್ಕೋಡಿ ಕಡೆ ದೂಧಗಂಗಾ ದಂಡಿ ಮ್ಯಾಲಿನ ಹಳ್ಳಿರಿ. ನಮ್ಮ ಮಳೆಮಾಪಕದಾಗ 10 ಮಿಮೀನೂ ದಾಟಿರಂಗಿಲ್ಲ, ಆದ್ರೂ ಎರಡು ದಿನದಾಗ ಹೊಳಿ ನೀರು ಕಬ್ಬಿನ ಹೊಲಕ್ಕ ಬಂದು ನಿಂತಿರ್ತದ. ದೊಡ್ಡ ಪ್ರದೇಶಕ್ಕ ಎಷ್ಟು ಮಳಿ ಆತು ಅಂತ ಹೆಂಗ ಲೆಕ್ಕ ಹಾಕ್ತಾರ? ಎಲ್ಲಾ ಮಾಪಕದ ಸರಾಸರಿ ತಗದ್ರ ಸಾಲಂಗಿಲ್ಲೇನು?

ಉತ್ತರ: ಸಾಲಲ್ಲ. ನಿಮ್ಮ ಹೊಲಕ್ಕೆ ಬರೋದು ನಿಮ್ಮೂರ ಮಳೆ ಅಲ್ಲ, ಕೊಲ್ಲಾಪುರ ಜಿಲ್ಲೆ ಘಟ್ಟದ ಮೇಲೆ ಬಿದ್ದ ಮಳೆ. ಮಳೆ ಎಷ್ಟು ಅಸಮ ಅಂದ್ರೆ 2005ರ ಜುಲೈ 26ರಂದು ಮುಂಬೈನ ಸಾಂತಾಕ್ರೂಜ್‌ನಲ್ಲಿ 944 ಮಿಮೀ ಬಿತ್ತು, ಅದೇ ಊರಿನ ಕೊಲಾಬಾದಲ್ಲಿ ಬರೀ 73!

ಒಂದು ಲೆಕ್ಕ ಮಾಡಿ ನೋಡೋಣ, ಅಂಕಿ ಉದಾಹರಣೆಗೆ ಮಾತ್ರ. 1000 ಚದರ ಕಿಮೀ ಜಲಾನಯನ, ಮೂರು ಮಾಪಕ, ಘಟ್ಟದಲ್ಲಿ 200 ಮಿಮೀ, ಬಯಲಲ್ಲಿ 60 ಮತ್ತು 40. ಸುಮ್ನೆ ಸರಾಸರಿ ತೆಗೆದ್ರೆ 100. ಆದ್ರೆ ಘಟ್ಟದ ಮಾಪಕಕ್ಕೆ ಹತ್ತಿರ ಇರೋ ಜಾಗ 600 ಚದರ ಕಿಮೀ, ಉಳಿದೆರಡಕ್ಕೆ ತಲಾ 200 ಇದ್ರೆ, ಆ ಪಾಲಿನ ಪ್ರಕಾರ ಲೆಕ್ಕ ಹಾಕಿದಾಗ 140 ಬರ್ತದೆ. 1000 ಚದರ ಕಿಮೀ ಮೇಲೆ ಸುಮಾರು 28 ಮಿಮೀ ಬಿದ್ರೆ ಒಂದು ಟಿಎಂಸಿ, ಅಂದ್ರೆ ಮೂರೂವರೆ ಟಿಎಂಸಿ ಅಂದ್ಕೊಂಡಿದ್ದು ನಿಜವಾಗಿ ಸುಮಾರು ಐದು ಟಿಎಂಸಿ! ಅಷ್ಟೂ ಹೊಳೆಗೆ ಬರಲ್ಲ, ಮಣ್ಣು ಒಂದಿಷ್ಟು ಕುಡೀತದೆ, ಆದ್ರೆ ನಾಲ್ಕು ದಿನ ಜಡಿಮಳೆ ಹಿಡಿದು ನೆಲ ತೊಯ್ದು ಹೋಗಿದ್ರೆ ಅದೇ ಮಳೆಗೆ ಹೊಳೆ ಬಹಳ ಬೇಗ ಏರ್ತದೆ.

ಈ ಪಾಲು ಹಂಚೋ ವಿಧಾನ 1911ರಲ್ಲಿ ಅಮೆರಿಕದ ಹವಾಮಾನ ತಜ್ಞ ಥೀಸೆನ್ ಕೊಟ್ಟಿದ್ದು, ಇವತ್ತಿಗೂ ಬಳಸ್ತಾರೆ. ಆದ್ರೆ ಅದಕ್ಕೆ ಬೆಟ್ಟ ಯಾವುದು ಬಯಲು ಯಾವುದು ಗೊತ್ತಾಗಲ್ಲ, ಬರೀ ದೂರ ನೋಡ್ತದೆ, ಅದಕ್ಕೇ ಘಟ್ಟದ ಕಡೆ ಸಮಮಳೆ ರೇಖೆ, ಅಂದ್ರೆ ನಕ್ಷೆ ಮೇಲೆ ಒಂದೇ ಪ್ರಮಾಣದ ಮಳೆ ಬಿದ್ದ ಜಾಗಗಳನ್ನ ಕೂಡಿಸೋ ಗೆರೆ, ಎಳೆಯೋದೇ ಸರಿ ಅನ್ನೋದು ನನ್ನ ಅಭಿಪ್ರಾಯ, ಎಳೆಯೋರಿಗೆ ಆ ಬೆಟ್ಟಗಳ ಪರಿಚಯ ಇರಬೇಕು ಅಷ್ಟೇ.

ಪ್ರಶ್ನೆ: ಸ್ಯಾಟಲೈಟ್ ಇರುವಾಗ ಮಾಪಕ ಯಾಕ್ರಿ?

ಉತ್ತರ: 2014ರಲ್ಲಿ ಹಾರಿಸಿದ, ಮಳೆ ಅಳೆಯೋ ಜಿಪಿಎಂ ಉಪಗ್ರಹದ ಯೋಜನೆಯಿಂದ ಅರ್ಧ ಗಂಟೆಗೊಮ್ಮೆ, ಸುಮಾರು 10 ಕಿಮೀ ಚೌಕಕ್ಕೊಂದು ಅಂದಾಜು ಸಿಗ್ತದೆ, ಮಾಪಕವೇ ಇಲ್ಲದ ಕಾಡಿಗೂ ಸಿಗ್ತದೆ, ಅದು ದೊಡ್ಡ ಉಪಕಾರ. ಆದ್ರೆ ಸಹ್ಯಾದ್ರಿಗೆ ಬಡಿದು ಸುರಿಯೋ ಮೋಡ ಎಷ್ಟೋ ಸಲ ಹೆಚ್ಚು ಎತ್ತರ ಇರಲ್ಲ, ಮೇಲಿಂದ ನೋಡಿದ್ರೆ ಜೋರು ಮಳೆ ಮೋಡದ ಹಾಗೆ ತಣ್ಣಗೂ ಕಾಣಲ್ಲ, ಹಾಗಾಗಿ ಅಲ್ಲಿನ ಮಳೇನ ಕಡಿಮೆ ತೋರಿಸಿಬಿಡ್ತದೆ. ನೆಲದ ಮೇಲಿಂದ ಮಳೆ ಅಳೆಯೋ ರೇಡಾರ್ ಕಿರಣಕ್ಕೆ ಬೆಟ್ಟಾನೇ ಅಡ್ಡ. ನೆಲದ ಮಾಪಕದ ಜೊತೆ ಹೋಲಿಸಿ ತಿದ್ದಲೇಬೇಕು, ಘಟ್ಟದ ನೆತ್ತಿ ಮೇಲೆ ಮಾಪಕ ಹೆಚ್ಚಾಗಬೇಕು ಅಂತ ನಾನು ಹೇಳ್ತಾನೇ ಇರೋದು ಇದಕ್ಕೆ. ನೀವು ಮಳೆಗಾಲದಲ್ಲಿ ನಿಮ್ಮೂರ ಅಂಕಿ ಬಿಟ್ಟು ದೂಧಗಂಗಾಕ್ಕೆ ಮೇಲೆ ಡ್ಯಾಮ್ ಕಟ್ಟಿರೋ ಕಾಳಮ್ಮವಾಡಿ ಕಡೆ ಮಳೆ ಎಷ್ಟು, ಆ ಡ್ಯಾಮಿಂದ ನೀರು ಎಷ್ಟು ಬಿಟ್ರು ಅಂತ ದಿನಾ ಬರೆದಿಡಿ, ದನಕರು ಯಾವಾಗ ಎತ್ತರಕ್ಕೆ ಸಾಗಿಸಬೇಕು ಅನ್ನೋ ಅಂದಾಜು ಅದ್ರಿಂದ ಸಿಗ್ತದೆ.