ಓದುಗರ ಪ್ರಶ್ನೆ: ದೊಡ್ಡ ಬ್ಯಾಟರಿ ತುಂಬಿದೆ, ಕಾರು ಮಾತ್ರ ಏಳುತ್ತಿಲ್ಲ

ಪ್ರಶ್ನೆ: ಎಲೆಕ್ಟ್ರಿಕ್ ಕಾರನ್ನು ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ನಿಲ್ಲಿಸಿ ಎಂಟು ದಿನ ಊರಿಗೆ ಹೋಗಿದ್ದೆವು. ಹೊರಡುವಾಗ ಶೇ 80 ಚಾರ್ಜ್ ಇತ್ತು. ದಿನಕ್ಕೆ ನಾಲ್ಕೈದು ಸಲ ಆ್ಯಪ್‌ನಲ್ಲಿ ನೋಡುತ್ತಲೂ ಇದ್ದೆ. ವಾಪಸ್ ಬಂದರೆ ಬಾಗಿಲೇ ತೆರೆಯಲಿಲ್ಲ. ಆ್ಯಪ್ ಈಗಲೂ ಶೇ 80 ಎನ್ನುತ್ತಿದೆ. ಇದು ಹೇಗೆ?
– ಜೆ.ಪಿ. ನಗರ, ಬೆಂಗಳೂರು

ಉತ್ತರ: ಖಾಲಿಯಾಗಿರುವುದು ಕಾರನ್ನು ಓಡಿಸುವ ದೊಡ್ಡ ಬ್ಯಾಟರಿಯಲ್ಲ, 12 ವೋಲ್ಟಿನ ಚಿಕ್ಕ ಬ್ಯಾಟರಿ. ಪೆಟ್ರೋಲ್ ಕಾರಿನಲ್ಲಿರುವಂಥದ್ದೇ ಒಂದು ಇದರಲ್ಲೂ ಇದೆ. ಬಾಗಿಲ ಲಾಕ್, ಪರದೆ, ಒಳಗಿನ ಕಂಪ್ಯೂಟರ್‌ಗಳು ಎಲ್ಲವೂ ನಡೆಯುವುದು ಅದರಿಂದ. ಕಾರು ನಿಂತಾಗ ದೊಡ್ಡ ಬ್ಯಾಟರಿಯನ್ನು ಕಾಂಟ್ಯಾಕ್ಟರ್ ಎಂಬ ದಪ್ಪ ರಿಲೇಗಳು (ವಿದ್ಯುತ್ತಿನಿಂದಲೇ ನಡೆಯುವ ಸ್ವಿಚ್‌ಗಳು) ಸುರಕ್ಷತೆಗಾಗಿ ಪೂರ್ತಿ ಬೇರ್ಪಡಿಸುತ್ತವೆ. ಅವನ್ನು ಮತ್ತೆ ಜೋಡಿಸಲು ಬೇಕಾದದ್ದೂ 12 ವೋಲ್ಟೇ. ಅದಿಲ್ಲದಿದ್ದರೆ ಶೇ 80 ಚಾರ್ಜ್ ಬೀಗ ಹಾಕಿದ ಉಗ್ರಾಣದಲ್ಲಿದ್ದಂತೆ.

ಖಾಲಿಯಾದದ್ದು ಏಕೆ? ಗಾಢ ನಿದ್ದೆಯಲ್ಲಿರುವ ಕಾರು ಸುಮಾರು 30 ಮಿಲಿಆಂಪ್ ಎಳೆಯುತ್ತದೆ ಎಂದಿಟ್ಟುಕೊಳ್ಳಿ. ಎಂಟು ದಿನಕ್ಕೆ 6 ಆಂಪ್-ಅವರ್‌ಗಿಂತ ಕಡಿಮೆ. 45 ಆಂಪ್-ಅವರ್ ಬ್ಯಾಟರಿಗೆ ಅದು ಲೆಕ್ಕಕ್ಕಿಲ್ಲ. ಆದರೆ ಕಂಪ್ಯೂಟರ್‌ಗಳು ಎಚ್ಚರವಾಗಿದ್ದು 4 ಆಂಪ್ ಎಳೆದರೆ ಅದೇ ಬ್ಯಾಟರಿ 11 ಗಂಟೆಯಲ್ಲಿ ಮುಗಿಯುತ್ತದೆ. ನೀವು ಆ್ಯಪ್‌ನಲ್ಲಿ ಸ್ಥಿತಿ ಕೇಳಿದಾಗಲೆಲ್ಲ ಕಾರು ಎದ್ದು ಕೂರಬಹುದು, ಮತ್ತೆ ಮಲಗಲು ಕೆಲವು ನಿಮಿಷ ಬೇಕು. ಬೇಸ್‌ಮೆಂಟಿನಲ್ಲಿ ಸಿಗ್ನಲ್ ಕ್ಷೀಣವಾದ್ದರಿಂದ ಕಾರಿನ ಮೋಡೆಮ್ ಟವರ್ ಹುಡುಕುತ್ತಲೇ ಇರಬಹುದು. ನೇರ ವೈರಿಂಗ್ ಮಾಡಿದ ಡ್ಯಾಶ್‌ಕ್ಯಾಮ್, ಒಬಿಡಿ ಪೋರ್ಟಿಗೆ (ಮೆಕ್ಯಾನಿಕ್ ಕಾರಿನ ದೋಷ ಓದುವ ಸಾಕೆಟ್) ಸಿಕ್ಕಿಸಿದ ಡಾಂಗಲ್, ಕಾರಿನ ಪಕ್ಕದ ಗೋಡೆಗೇ ನೇತುಹಾಕಿದ ಸ್ಮಾರ್ಟ್ ಕೀ ಕೂಡ ಇದೇ ಕೆಲಸ ಮಾಡುತ್ತವೆ. ಕೆಲವು ಕಾರುಗಳು ನಿಂತಲ್ಲೇ ದೊಡ್ಡ ಬ್ಯಾಟರಿಯಿಂದ ಚಿಕ್ಕದನ್ನು ತುಂಬಿಕೊಳ್ಳುತ್ತವೆ, ಎಲ್ಲವೂ ಅಲ್ಲ.

ಆ್ಯಪ್ ತೋರಿಸಿದ ಶೇ 80 ಹಳೆಯ ಸುದ್ದಿ. ನಿಮ್ಮ ಫೋನ್ ಕೇಳುವುದು ಕಂಪನಿಯ ಸರ್ವರನ್ನು. ಸರ್ವರ್ ಕಾರಿನ ಸಿಮ್ ಮೂಲಕ ಕಾರನ್ನು ಕೇಳುತ್ತದೆ. ಕಾರು ಉತ್ತರಿಸದಿದ್ದರೆ ಕೊನೆಯ ಸಲ ಬಂದ ಅಂಕಿಯೇ ತೆರೆಯ ಮೇಲೆ ಉಳಿಯುತ್ತದೆ. ಶೇಕಡಾ ನೋಡುವ ಮೊದಲು ಅದರ ಹತ್ತಿರ ಚಿಕ್ಕ ಅಕ್ಷರದಲ್ಲಿರುವ ದಿನಾಂಕ, ಸಮಯ ನೋಡಿ.

ಈಗ ಮಾಡಬೇಕಾದದ್ದು. ಸ್ಮಾರ್ಟ್ ಕೀ ಒಳಗೆ ಲೋಹದ ಕೀ ಅಡಗಿರುತ್ತದೆ, ಅದನ್ನು ಎಳೆದುಕೊಳ್ಳಿ. ಚಾಲಕನ ಬಾಗಿಲ ಹಿಡಿಕೆಯಲ್ಲಿ, ಬಹಳ ಕಾರುಗಳಲ್ಲಿ ಪ್ಲಾಸ್ಟಿಕ್ ಮುಚ್ಚಳದ ಹಿಂದೆ, ಅದರ ರಂಧ್ರವಿದೆ. ಬಾನೆಟ್ ತೆರೆದು ಚಿಕ್ಕ ಬ್ಯಾಟರಿಗೆ ಮಲ್ಟಿಮೀಟರ್ ಹಿಡಿಯಿರಿ (ಬ್ಯಾಟರಿ ಬೇರೆಡೆ ಇದ್ದರೆ ಕೈಪಿಡಿ ಹೇಳುತ್ತದೆ). ಲೆಡ್-ಆಸಿಡ್ ಬ್ಯಾಟರಿಯಾದರೆ 12.6 ವೋಲ್ಟ್ ಎಂದರೆ ತುಂಬಿದೆ, 12.2 ಎಂದರೆ ಅರ್ಧ, 11.8ಕ್ಕಿಂತ ಕೆಳಗಿದ್ದರೆ ಖಾಲಿ. ಬೇರೆ ಕಾರಿನ 12 ವೋಲ್ಟ್ ಬ್ಯಾಟರಿಯಿಂದಲೋ ಪೋರ್ಟಬಲ್ ಜಂಪ್ ಸ್ಟಾರ್ಟರಿನಿಂದಲೋ ಕೆಂಪು ಕೇಬಲನ್ನು ಪ್ಲಸ್‌ಗೆ ಮೊದಲು, ಕಪ್ಪನ್ನು ಆಮೇಲೆ ಬ್ಯಾಟರಿಯಿಂದ ದೂರದ ಬಣ್ಣವಿಲ್ಲದ ಲೋಹಕ್ಕೆ ಹಾಕಿ. ದೊಡ್ಡ ಬ್ಯಾಟರಿಯ ಕಿತ್ತಳೆ ಬಣ್ಣದ ಕೇಬಲ್ ಯಾವುದನ್ನೂ ಮುಟ್ಟಬೇಡಿ. ಕಾರನ್ನು ಆನ್ ಮಾಡಿ, 'ರೆಡಿ' ದೀಪ ಬಂದ ಮೇಲೆ ಮತ್ತೆ ಅಳೆಯಿರಿ. 13.5ರಿಂದ 14.5 ಬಂದರೆ ದೊಡ್ಡ ಬ್ಯಾಟರಿ ಚಿಕ್ಕದನ್ನು ತುಂಬುತ್ತಿದೆ, ಒಂದೆರಡು ಗಂಟೆ ಹಾಗೇ ಬಿಡಿ. ರೆಡಿ ಬಂದರೂ 12.3ರ ಆಸುಪಾಸಿನಲ್ಲೇ ಇದ್ದರೆ ದೊಡ್ಡ ಬ್ಯಾಟರಿಯ ವೋಲ್ಟೇಜ್ ಇಳಿಸಿ ಚಿಕ್ಕದನ್ನು ತುಂಬುವ ಡಿಸಿ-ಡಿಸಿ ಕನ್ವರ್ಟರ್ ಕೆಲಸ ಮಾಡುತ್ತಿಲ್ಲ ಎಂಬ ಅನುಮಾನ. ಓಡಿಸದೆ ಟೋ ಮಾಡಿಸಿ. ಗೋಡೆಯ ಚಾರ್ಜರ್ ಚುಚ್ಚಿದರೆ ಸಾಮಾನ್ಯವಾಗಿ ಪ್ರಯೋಜನವಿಲ್ಲ, ಚಾರ್ಜ್ ಒಪ್ಪಿಕೊಳ್ಳಲೂ ಕಾರು ಎಚ್ಚರವಾಗಬೇಕು. ನಿಮ್ಮ ಕಾರಿನಿಂದ ಇನ್ನೊಬ್ಬರ ಪೆಟ್ರೋಲ್ ಕಾರಿಗೆ ಜಂಪ್ ಕೊಡಲು ಹೋಗಬೇಡಿ. ಸ್ಟಾರ್ಟರ್ ಮೋಟಾರ್ ಎಳೆಯುವ ನೂರಾರು ಆಂಪ್‌ಗೆ ಆ ಕನ್ವರ್ಟರ್ ಮಾಡಿದ್ದಲ್ಲ.

ಮುಂದಿನ ಸಲ ಊರಿಗೆ ಹೊರಡುವಾಗ ಡ್ಯಾಶ್‌ಕ್ಯಾಮ್ ವೈರ್ ಕಳಚಿ, ಡಾಂಗಲ್ ತೆಗೆದು, ಕೀ ಮನೆಯೊಳಗಿಟ್ಟು, ಆ್ಯಪ್ ತೆರೆಯದೆ ಇರಿ. ನಮ್ಮ ಸೆಖೆಗೆ ಲೆಡ್-ಆಸಿಡ್ ಬ್ಯಾಟರಿ ಮೂರ್ನಾಲ್ಕು ವರ್ಷ ಬಾಳಿದರೆ ಹೆಚ್ಚು. ಮೂರನೇ ವರ್ಷದಿಂದ ಪ್ರತಿ ಸರ್ವಿಸ್‌ನಲ್ಲೂ ಲೋಡ್ ಟೆಸ್ಟ್ (ಹೊರೆ ಹಾಕಿ ಬ್ಯಾಟರಿಯ ಶಕ್ತಿ ಪರೀಕ್ಷಿಸುವುದು) ಕೇಳಿ. ಚಿಕ್ಕ ಬ್ಯಾಟರಿಯ ವೋಲ್ಟೇಜ್ ಕಾರಿನ ಕಂಪ್ಯೂಟರಿಗೆ ಗೊತ್ತೇ ಇರುತ್ತದೆ. ಅದನ್ನು ಪರದೆಯ ಮೇಲೆ ಒಂದು ಸಾಲಿನಲ್ಲಿ ತೋರಿಸುವುದು ಕಂಪನಿಗಳು ಮಾಲೀಕರಿಗೆ ಸಲ್ಲಿಸಬೇಕಾದ ಕನಿಷ್ಠ ಸೇವೆ.

ಪ್ರಶ್ನೆ: ಬೆಂಗಳೂರಿಗೆ ಬರುವಾಗ ಬಿಡದಿ ಹತ್ತಿರ ಶೇ 22 ಇದ್ದದ್ದು ಕೆಲವೇ ಕಿಲೋಮೀಟರಿನಲ್ಲಿ ಶೇ 9ಕ್ಕೆ ಕುಸಿಯಿತು. ಬ್ಯಾಟರಿ ಬಾಳಿಕೆ ಬರಲೆಂದು ಯಾವಾಗಲೂ ಶೇ 80ಕ್ಕೇ ಚಾರ್ಜ್ ನಿಲ್ಲಿಸುತ್ತೇನೆ. ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿ. ಹಾಳಾಗಿದೆಯೇ?
– ಮೈಸೂರು

ಉತ್ತರ: ಬಹುಶಃ ಇಲ್ಲ, ಅದರ ಲೆಕ್ಕ ತಪ್ಪಿದೆ. ಎಲ್‌ಎಫ್‌ಪಿ ಕೋಶದ (ಸೆಲ್) ವೋಲ್ಟೇಜ್ ಶೇ 20ರಿಂದ 80ರವರೆಗೆ 3.2ರಿಂದ 3.35ರ ನಡುವೆಯೇ ಸುಳಿದಾಡುತ್ತದೆ. ವೋಲ್ಟೇಜ್ ನೋಡಿ ಎಷ್ಟು ಉಳಿದಿದೆಯೆಂದು ಹೇಳುವುದು ಕಷ್ಟ. ಹಾಗಾಗಿ ಬ್ಯಾಟರಿ ನಿರ್ವಹಣಾ ಸಾಫ್ಟ್‌ವೇರ್ ಒಳಬಂದ, ಹೊರಹೋದ ಕರೆಂಟನ್ನು ಕೂಡಿಸಿ ಕಳೆಯುತ್ತದೆ. ಪ್ರತಿ ಸಲದ ಪುಟ್ಟ ತಪ್ಪು ಗುಡ್ಡೆಯಾಗುತ್ತದೆ. ಶೇ 100ರ ಹತ್ತಿರ ವೋಲ್ಟೇಜ್ ಕಡಿದಾಗಿ ಏರುವುದರಿಂದ ಅಲ್ಲಿ ಲೆಕ್ಕ ಸರಿಪಡಿಸಿಕೊಳ್ಳಬಹುದು. ನೀವು ಅಲ್ಲಿಗೆ ಹೋಗಲು ಬಿಡುತ್ತಲೇ ಇಲ್ಲ. ತಳದಲ್ಲಿ ವೋಲ್ಟೇಜ್ ಇಳಿದಾಗ ಸತ್ಯ ಬಯಲಾಗಿ ಅಂಕಿ ದಪ್ಪನೆ ಬೀಳುತ್ತದೆ.

ಶೇ 80ರ ನಿಯಮ ಮುಖ್ಯವಾಗಿ ನಿಕಲ್ ಇರುವ ಎನ್‌ಎಂಸಿ ಬ್ಯಾಟರಿಗಳದ್ದು. ನಿಮ್ಮ ಕೈಪಿಡಿಯ ಮಾತು ಅಂತಿಮವಾದರೂ, ಎಲ್‌ಎಫ್‌ಪಿಗೆ ವಾರಕ್ಕೋ ಎರಡು ವಾರಕ್ಕೋ ಒಮ್ಮೆ ಮನೆಯ ನಿಧಾನ ಚಾರ್ಜರಿನಲ್ಲಿ ಶೇ 100 ತುಂಬಿಸುವುದು ರೂಢಿ. ಶೇ 100 ಕಂಡ ತಕ್ಷಣ ಕೀಳಬೇಡಿ. ಕೋಶಗಳನ್ನು ಸಮ ಮಾಡಲು ಕಾರು ಇನ್ನೂ ಒಂದಷ್ಟು ಹೊತ್ತು ಸ್ವಲ್ಪ ಸ್ವಲ್ಪ ಎಳೆಯಬಹುದು, ಅದೇ ನಿಲ್ಲಿಸುವವರೆಗೆ ಬಿಡಿ. ತುಂಬಿಸಿ ದಿನಗಟ್ಟಲೆ ಬಿಸಿಲಲ್ಲಿ ನಿಲ್ಲಿಸುವುದೂ ಒಳ್ಳೆಯದಲ್ಲ, ಮರುದಿನ ಓಡಿಸುವುದಿದ್ದರೆ ಹಿಂದಿನ ರಾತ್ರಿ ತುಂಬಿಸಿ.

ಮೂರು ಸಲ ಹೀಗೆ ಮಾಡಿದರೂ ಅಂಕಿ ಜಿಗಿದರೆ, ಶೇ 15ರ ಆಸುಪಾಸಿನಲ್ಲಿ ಸರ್ವಿಸ್ ಸೆಂಟರಿಗೆ ಒಯ್ದು ಗರಿಷ್ಠ ಮತ್ತು ಕನಿಷ್ಠ ಕೋಶ ವೋಲ್ಟೇಜಿನ ಅಂತರವನ್ನು ಜಾಬ್ ಕಾರ್ಡಿನಲ್ಲಿ ಬರೆಸಿಕೊಳ್ಳಿ. ಕಾರು ನಿಂತಿದ್ದಾಗಲೂ ಅಂತರ ನೂರಾರು ಮಿಲಿವೋಲ್ಟ್ ಇದ್ದರೆ ಯಾವುದೋ ಕೋಶ ದುರ್ಬಲವಾಗಿದೆ, ಅದು ವಾರಂಟಿಯ ವಿಷಯ. 'ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದ್ದೇವೆ' ಎಂಬ ಬಾಯಿಮಾತಿಗೆ ತೃಪ್ತರಾಗಬೇಡಿ.

ಪ್ರಶ್ನೆ: ಮುಂದಿನ ಗಾಜು ಒಡೆದು ಹೊಸದು ಹಾಕಿಸಿದೆ. ಅಂದಿನಿಂದ ಶಿರಾಡಿ ಘಾಟಿಯಲ್ಲಿ ಕಾರು ಸುಮ್ಮಸುಮ್ಮನೆ ಬ್ರೇಕ್ ಹಾಕುತ್ತದೆ.
– ಸಕಲೇಶಪುರ

ಉತ್ತರ: ರಸ್ತೆ ನೋಡಿ ತುರ್ತು ಬ್ರೇಕ್ ಹಾಕಿಸುವ, ಗಾಜಿನ ಹಿಂದಿನ ಕ್ಯಾಮೆರಾವನ್ನು ಮತ್ತೆ ಕ್ಯಾಲಿಬ್ರೇಟ್ ಮಾಡಿದರೇ (ಅದರ ನೋಟದ ಕೋನ ಸರಿಹೊಂದಿಸಿದರೇ) ಎಂದು ಮೊದಲು ಕೇಳಿ. ಅದು ಒಂದೇ ಡಿಗ್ರಿ ವಾಲಿದರೂ 50 ಮೀಟರ್ ದೂರದಲ್ಲಿ 87 ಸೆಂಟಿಮೀಟರ್ ತಪ್ಪು. ಪಕ್ಕದ ಲೇನಿನ ಲಾರಿ ನಿಮ್ಮ ದಾರಿಗೇ ಅಡ್ಡ ನಿಂತಂತೆ ಕಾಣುತ್ತದೆ. ಸಮತಟ್ಟಾದ ನೆಲದಲ್ಲಿ ಗುರಿಫಲಕ ನಿಲ್ಲಿಸಿಯೋ, ಗೆರೆಗಳಿರುವ ರಸ್ತೆಯಲ್ಲಿ ಓಡಿಸಿಯೋ ಇದನ್ನು ಮಾಡುತ್ತಾರೆ. ಮುಗಿದ ವರದಿಯ ಪ್ರಿಂಟ್ ಕೇಳಿ ಪಡೆಯಿರಿ. ಬಂಪರಿನ ರೇಡಾರ್ ಮೇಲೆ ಕೆಸರು, ಸ್ಟಿಕರ್, ಕ್ರ್ಯಾಶ್ ಗಾರ್ಡ್ ಇಲ್ಲದಂತೆಯೂ ನೋಡಿ. ಎಲ್ಲ ಸರಿಯಿದ್ದರೂ ಘಾಟಿಯ ತಿರುವಿನಲ್ಲಿ ಎದುರಿನ ಬಸ್ಸು ನೇರ ಮುಂದಿರುವಂತೆ ಅದಕ್ಕೆ ಕಾಣಬಹುದು. ಅಲ್ಲಿ ಲೇನ್ ಸಹಾಯ ಆಫ್ ಮಾಡಿ, ಡಿಕ್ಕಿ ಎಚ್ಚರಿಕೆಯನ್ನು 'ತಡವಾಗಿ' ಎಂಬ ಆಯ್ಕೆಗೆ ಇಡಿ. ತುರ್ತು ಬ್ರೇಕನ್ನೇ ಆಫ್ ಮಾಡುವುದು ಬೇಡ.

ಪ್ರಶ್ನೆ: ಎರಡನೇ ಕೈ ಎಲೆಕ್ಟ್ರಿಕ್ ಕಾರು ಕೊಂಡೆ. ಹಳೆಯ ಮಾಲೀಕರ ಫೋನಿನಿಂದ ಈಗಲೂ ನನ್ನ ಕಾರಿನ ಬಾಗಿಲು ತೆರೆಯುತ್ತದೆಯಂತೆ!
– ದಾವಣಗೆರೆ

ಉತ್ತರ: ತೆರೆಯಬಲ್ಲದು, ಕಾರು ಎಲ್ಲಿದೆಯೆಂದೂ ಅವರಿಗೆ ಕಾಣಬಲ್ಲದು. ಪರದೆಯಲ್ಲಿ ಫ್ಯಾಕ್ಟರಿ ರಿಸೆಟ್ ಮಾಡಿದರೆ ಫೋನ್‌ಬುಕ್, ಮನೆಯ ವಿಳಾಸ ಅಳಿಯಬಹುದು. ಸರ್ವರಿನಲ್ಲಿ ಚಾಸಿ ನಂಬರಿಗೆ ಅಂಟಿದ ಅವರ ಖಾತೆ ಹಾಗೇ ಉಳಿಯಬಹುದು. ಅವರೇ ಆ್ಯಪ್‌ನಲ್ಲಿ ವಾಹನ ತೆಗೆದುಹಾಕಬೇಕು. ಅವರು ಕೈಗೆ ಸಿಗದಿದ್ದರೆ ನಿಮ್ಮ ಹೆಸರಿನ ಆರ್‌ಸಿ ಪ್ರತಿ, ಗುರುತಿನ ಚೀಟಿ ಸಹಿತ ಕಂಪನಿಯ ಗ್ರಾಹಕ ಸೇವೆಗೆ ಇಮೇಲ್ ಮಾಡಿ, ಖಾತೆ ಬಿಡಿಸಿದ್ದಕ್ಕೆ ಲಿಖಿತ ಉತ್ತರ ಪಡೆಯಿರಿ. ಬ್ಲೂಟೂತ್ ಡಿಜಿಟಲ್ ಕೀ ಪಟ್ಟಿ ಬೇರೆಯೇ ಇದ್ದರೆ ಅದನ್ನೂ ಖಾಲಿ ಮಾಡಿಸಿ. ಕನೆಕ್ಟೆಡ್ ಸೇವೆಯ ಚಂದಾ ಯಾವ ತಾರೀಖಿಗೆ ಮುಗಿಯುತ್ತದೆಂದು ಅದೇ ಇಮೇಲ್‌ನಲ್ಲಿ ಕೇಳಿಬಿಡಿ. ಮುಗಿದ ದಿನ ಆ್ಯಪ್ ಸುಮ್ಮನಾಗುತ್ತದೆ, ಕಾರು ಎಂದಿನಂತೆ ಓಡುತ್ತದೆ.