ಅಲ್ಲಿದ್ದವರು ನೀವು, ಬರೆದವರು ಯಾರು?

ಹಿರಿಯರೇ, ನಮಸ್ಕಾರ.

ನ್ಯೂಜೆರ್ಸಿಯಿಂದ ನೀವು ಕಳಿಸಿದ ಲೇಖನ ಓದಿದೆ. ಬೇಸ್‌ಬಾಲ್, ಅಮೆರಿಕದ ಫುಟ್‌ಬಾಲ್, ಜಾಝ್ ರೆಕಾರ್ಡುಗಳು. ಈ ಮೂರರ ಬಗ್ಗೆ 40 ವರ್ಷ ಕೂಡಿಟ್ಟ ಅಭಿಪ್ರಾಯಗಳನ್ನು ಒಂದೇ ಸಲ ಸುರಿದಿದ್ದೀರಿ. ಭಾಷೆ ಚೆನ್ನಾಗಿದೆ. ಇಷ್ಟು ವರ್ಷ ಹೊರಗಿದ್ದರೂ ಶಿವಮೊಗ್ಗದ ಕನ್ನಡ ಕೆಟ್ಟಿಲ್ಲ. ಅಮೆರಿಕದ ಫುಟ್‌ಬಾಲ್ ಆಟಗಾರ ವಾಲ್ಟರ್ ಪೇಟನ್ ಬಗ್ಗೆ ಬರೆದ ಪ್ಯಾರಾ ಇಷ್ಟವಾಯಿತು. 1986ರ ಜನವರಿಯಲ್ಲಿ ನಡೆದ ಆ ಆಟದ ಫೈನಲ್ ಪಂದ್ಯ, ಸೂಪರ್ ಬೌಲ್‌ನಲ್ಲಿ ಶಿಕಾಗೋ ಬೇರ್ಸ್ 46-10ರಿಂದ ಗೆದ್ದರು. ಆದರೆ ಅಷ್ಟು ವರ್ಷ ತಂಡವನ್ನು ಹೊತ್ತ ಪೇಟನ್‌ಗೆ ಒಂದು ಟಚ್‌ಡೌನ್ ಕೂಡ ಸಿಗಲಿಲ್ಲ. 'ರೆಫ್ರಿಜರೇಟರ್' ಎಂದು ಕರೆಸಿಕೊಂಡ ದಢೂತಿ ಆಟಗಾರ ಪೆರಿಗೆ ಸಿಕ್ಕಿತು. ಇದನ್ನು ಗಮನಿಸಿ ಬರೆದಿದ್ದೀರಿ, ಸಂತೋಷ.

ಹೊಗಳಿಕೆ ಮುಗಿಯಿತು. ಈಗ ಜಗಳ. ನೀವು ಒಪ್ಪಿದ್ದರಿಂದ, ಹೆಸರು ಬಿಟ್ಟು, ಈ ಉತ್ತರವನ್ನು ಪತ್ರಿಕೆಯಲ್ಲೇ ಹಾಕುತ್ತಿದ್ದೇನೆ. ನಿಮಗಿರುವ ಕಾಯಿಲೆ ನಮಗೆ ಬರೆಯುವ ಇನ್ನೂ ಹಲವರಿಗಿದೆ.

ಏಳನೇ ಪುಟದಲ್ಲಿ ಒಂದು ವಾಕ್ಯ ಬರುತ್ತದೆ. "1986ರ ಅಕ್ಟೋಬರ್ 25ರ ರಾತ್ರಿ ನಾನು ಶೇ ಸ್ಟೇಡಿಯಂನಲ್ಲಿದ್ದೆ." ಓದಿ ನೆಟ್ಟಗೆ ಕೂತೆ. ನ್ಯೂಯಾರ್ಕ್ ಮೆಟ್ಸ್ ಮತ್ತು ಬಾಸ್ಟನ್ ರೆಡ್ ಸಾಕ್ಸ್ ನಡುವಿನ ಫೈನಲ್ ಸರಣಿ, ಅಂದರೆ ವರ್ಲ್ಡ್ ಸೀರೀಸ್‌ನ ಆರನೇ ಪಂದ್ಯ ಅದು. ಬೇಸ್‌ಬಾಲ್ ಗೊತ್ತಿರುವವರು ಇವತ್ತಿಗೂ ವಾದ ಮಾಡುವ ರಾತ್ರಿ. ಆ ಜನರ ನಡುವೆ ಒಬ್ಬ ಕನ್ನಡಿಗ ಕೂತಿದ್ದ! ಇನ್ನು ಹತ್ತು ಪುಟ ಬರುತ್ತೆ ಅಂದುಕೊಂಡೆ. ಬಂದದ್ದು ನಾಲ್ಕು ವಾಕ್ಯ:

"ಒಂದೇ ಒಂದು ತಪ್ಪಿನಿಂದ ಬಿಲ್ ಬಕ್ನರ್ ಇಡೀ ವರ್ಲ್ಡ್ ಸೀರೀಸನ್ನೇ ಕಳೆದುಬಿಟ್ಟ. ಚಿಕ್ಕ ಮಕ್ಕಳೂ ಹಿಡಿಯಬಹುದಾದ ಸುಲಭದ ಚೆಂಡು ಅದು. ಇಡೀ ಕ್ರೀಡಾಂಗಣ ಸ್ತಬ್ಧವಾಯಿತು. ಆ ಕ್ಷಣವನ್ನು ನಾನೆಂದೂ ಮರೆಯಲಾರೆ."

ಮುಂದಿನ ಪ್ಯಾರಾದಲ್ಲಿ ನೀವು ಆಗಲೇ ಇನ್ನೊಂದು ವರ್ಷಕ್ಕೆ ಹೋಗಿಬಿಟ್ಟಿದ್ದೀರಿ.

ನನಗೆ ಸಿಟ್ಟು ಬಂದದ್ದು ಇಲ್ಲಿ. ಒಂದೊಂದೇ ವಾಕ್ಯ ನೋಡೋಣ.

"ಒಂದೇ ಒಂದು ತಪ್ಪಿನಿಂದ." ಬೇಸ್‌ಬಾಲ್ ನೋಡದ ಓದುಗರಿಗಾಗಿ ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. ಏಳು ಪಂದ್ಯಗಳ ಸರಣಿಯಲ್ಲಿ ಬಾಸ್ಟನ್ 3-2ರಿಂದ ಮುಂದಿತ್ತು. ಈ ಪಂದ್ಯ ಗೆದ್ದರೆ 1918ರ ನಂತರದ ಮೊದಲ ಪ್ರಶಸ್ತಿ. ಹತ್ತನೇ ಇನಿಂಗ್‌ನಲ್ಲಿ ಬಾಸ್ಟನ್ 5-3ರಿಂದ ಮುಂದೆ. ಮೆಟ್ಸ್‌ನ ಇಬ್ಬರು ಔಟ್, ಬೇಸ್ ಮೇಲೆ ಯಾರೂ ಇಲ್ಲ. ಇನ್ನೊಬ್ಬ ಔಟಾದರೆ ಕಥೆ ಮುಗಿಯಿತು. ಎರಡನೆಯವನಾಗಿ ಔಟಾದ ಕೀತ್ ಹೆರ್ನಾಂಡೆಜ್ ಮೈದಾನ ಬಿಟ್ಟು ಒಳಗೆ ಹೋಗಿ ಟಿವಿ ಮುಂದೆ ಕೂತ. ಆಮೇಲೆ ಕಾರ್ಟರ್, ಮಿಚೆಲ್, ನೈಟ್ ಒಬ್ಬರ ಹಿಂದೆ ಒಬ್ಬರು ಹೊಡೆದು ಬೇಸ್ ಸೇರಿದರು. 5-4 ಆಯಿತು. ಬಾಸ್ಟನ್ ಪಿಚರ್, ಅಂದರೆ ಚೆಂಡು ಎಸೆಯುವವನನ್ನು ಬದಲಿಸಿತು. ಹೊಸದಾಗಿ ಬಂದ ಬಾಬ್ ಸ್ಟ್ಯಾನ್ಲಿ ಎಸೆದ ಒಂದು ಚೆಂಡು ದಿಕ್ಕು ತಪ್ಪಿ ಕ್ಯಾಚರ್ ಕೈಗೂ ಸಿಗದೆ ಹಿಂದಕ್ಕೆ ಹೋಯಿತು. ಮಿಚೆಲ್ ಓಡಿ ಬಂದ. 5-5.

ಗಮನಿಸಿ, ಈ ಇನಿಂಗ್‌ನಲ್ಲಿ ಇಲ್ಲಿವರೆಗೆ ಬಾಸ್ಟನ್ ಪರ ಫಸ್ಟ್ ಬೇಸ್ ಕಾಯುತ್ತಿದ್ದ ಬಕ್ನರ್ ಚೆಂಡು ಮುಟ್ಟಿಯೇ ಇಲ್ಲ. ಮುನ್ನಡೆ ಆಗಲೇ ಕೈಬಿಟ್ಟುಹೋಗಿತ್ತು. ಅದಾದ ಮೇಲೆ ಮೂಕಿ ವಿಲ್ಸನ್ ಹೊಡೆದ ಚೆಂಡು ನೆಲದ ಮೇಲೆ ಪುಟಿಯುತ್ತಾ ಬಂದು ಬಕ್ನರ್ ಕಾಲ ಸಂದಿಯಿಂದ ಹೋಯಿತು, ನೈಟ್ ಓಡಿ ಬಂದ, ಮೆಟ್ಸ್ 6-5. ಸರಣಿ 3-3 ಆಯಿತು ಅಷ್ಟೇ. ಏಳನೇ ಪಂದ್ಯ ಇನ್ನೂ ಬಾಕಿ ಇತ್ತು. ಅದರಲ್ಲೂ ಬಾಸ್ಟನ್ 3-0 ಮುಂದಿದ್ದು 8-5ರಿಂದ ಸೋತಿತು. "ಒಂದೇ ಒಂದು ತಪ್ಪು" ಅನ್ನುವುದು ಟಿವಿಯಲ್ಲಿ ಅದೇ ತುಣುಕನ್ನು ಮತ್ತೆ ಮತ್ತೆ ನೋಡಿದವರ ಮಾತು. ಸ್ಟೇಡಿಯಂನಲ್ಲಿ ಕೂತು ಇಡೀ ಇನಿಂಗ್ ನೋಡಿದ ನಿಮ್ಮ ಬಾಯಲ್ಲೂ ಅದೇ ಯಾಕೆ?

"ಚಿಕ್ಕ ಮಕ್ಕಳೂ ಹಿಡಿಯಬಹುದಾದ ಸುಲಭದ ಚೆಂಡು." ಬಕ್ನರ್‌ನ ಕಣಕಾಲುಗಳು ಎಷ್ಟು ಹದಗೆಟ್ಟಿದ್ದವು ಅಂದರೆ ಎತ್ತರದ ಬೂಟು ಹಾಕಿಕೊಂಡು ಆಡುತ್ತಿದ್ದ. ಆ ಸರಣಿಯಲ್ಲಿ ಬಾಸ್ಟನ್ ಗೆದ್ದ ಪಂದ್ಯಗಳ ಕೊನೆಯಲ್ಲಿ ಅವನನ್ನು ಕೂರಿಸಿ ಡೇವ್ ಸ್ಟೇಪಲ್ಟನ್‌ನನ್ನು ಇಳಿಸುತ್ತಿದ್ದರು. ಆ ರಾತ್ರಿ ಮ್ಯಾನೇಜರ್ ಇಳಿಸಲಿಲ್ಲ. ಇನ್ನೊಂದು ಮಾತು. ವಿಲ್ಸನ್ ಚಿಗರೆ ಓಟಗಾರ. ಬಕ್ನರ್ ಚೆಂಡು ಹಿಡಿದಿದ್ದರೂ ಸ್ಟ್ಯಾನ್ಲಿ ಚೆಂಡು ಎಸೆದ ಜಾಗದಿಂದ ಓಡಿ ಬಂದು, ಅವನಿಂದ ಚೆಂಡು ಪಡೆದು ವಿಲ್ಸನ್‌ಗಿಂತ ಮುಂಚೆ ಫಸ್ಟ್ ಬೇಸ್ ಮುಟ್ಟುತ್ತಿದ್ದನೇ? ಇದನ್ನು ವಿಡಿಯೋ ನೋಡಿ ತೀರ್ಮಾನಿಸುವುದು ಕಷ್ಟ. ಕ್ಯಾಮೆರಾ ಚೆಂಡಿನ ಹಿಂದೆ ಹೋಗುತ್ತದೆ, ಸ್ಟ್ಯಾನ್ಲಿಯ ಹಿಂದೆ ಹೋಗುವುದಿಲ್ಲ. ಆದರೆ ನಿಮಗೆ ಕಣ್ಣಿತ್ತು, ಸೀಟಿತ್ತು. ಎಲ್ಲಿ ಕೂತಿದ್ದಿರಿ ಸ್ವಾಮಿ? ಫಸ್ಟ್ ಬೇಸ್ ಕಡೆಯೋ, ಥರ್ಡ್ ಬೇಸ್ ಕಡೆಯೋ, ಮೇಲಿನ ಅಂತಸ್ತಿನಲ್ಲೋ? ಹದಿನಾಲ್ಕು ಪುಟದಲ್ಲಿ ಎಲ್ಲೂ ಇಲ್ಲ.

"ಇಡೀ ಕ್ರೀಡಾಂಗಣ ಸ್ತಬ್ಧವಾಯಿತು." ಇದನ್ನು ಓದಿ ನಿಜಕ್ಕೂ ನಕ್ಕೆ, ಕ್ಷಮಿಸಿ. ಶೇ ಸ್ಟೇಡಿಯಂ ಮೆಟ್ಸ್‌ನ ಮನೆ. ಅಲ್ಲಿದ್ದ 55 ಸಾವಿರ ಜನರಲ್ಲಿ ಹೆಚ್ಚಿನವರು ಮೆಟ್ಸ್ ಕಡೆಯವರು. ಸೋತೆವು ಅಂತ ಕೈಚೆಲ್ಲಿ ಕೂತಿದ್ದವರಿಗೆ ಗೆಲುವು ಬಂತು. ಅವರು ಸ್ತಬ್ಧರಾದರೇ? ಸ್ಟೇಡಿಯಂ ಅಲುಗಾಡಿರಬೇಕು.

ನಾನು ಕೆಲಸ ಕಲಿತದ್ದು ಬೆಂಗಳೂರಿನ ಒಂದು ದಿನಪತ್ರಿಕೆಯ ಕ್ರೀಡಾ ಡೆಸ್ಕಿನಲ್ಲಿ, ಟೆಲಿಪ್ರಿಂಟರ್ ಕಾಲದಲ್ಲಿ. ನಮ್ಮ ಮೇಲೆ ಒಬ್ಬ ಹಿರಿಯರಿದ್ದರು. ಅವರು ಮೈದಾನಕ್ಕೆ ಹೋದದ್ದನ್ನು ಯಾರೂ ನೋಡಿರಲಿಲ್ಲ. ರಾತ್ರಿ ಪಾಳಿ, ಎದುರಿಗೆ ಕೆಂಪು ಪೆನ್ನು, ಬಾಯಲ್ಲಿ ಎಲೆ ಅಡಿಕೆ. ಐಟಿಐ, ಎಚ್‌ಎಎಲ್ ತಂಡಗಳ ಫುಟ್‌ಬಾಲ್ ಲೀಗ್ ಪಂದ್ಯಗಳಿಗೆ ನಮ್ಮಂಥ ಹುಡುಗರನ್ನು ಅಶೋಕನಗರದ ಸ್ಟೇಡಿಯಂಗೆ ಅಟ್ಟುತ್ತಿದ್ದರು. ಬಂದು ಬರೆದು ಕೊಟ್ಟರೆ ಮೊದಲು ವರದಿ ಓದುತ್ತಿರಲಿಲ್ಲ. ಪ್ರಶ್ನೆ ಕೇಳುತ್ತಿದ್ದರು. "ಬಿಸಿಲು ಯಾವ ಕಡೆ ಇತ್ತು?" "ಗೋಲ್‌ಕೀಪರ್ ಎಡಗೈಯಲ್ಲಿ ತಳ್ಳಿದ್ನೋ ಬಲಗೈಯಲ್ಲೋ?" "ನೆಲ ಒದ್ದೆ ಇತ್ತಾ?" ಉತ್ತರ ಹೇಳಿದರೆ, "ಅದನ್ನ ಬರಿ" ಅನ್ನುತ್ತಿದ್ದರು. ಉತ್ತರ ಇಲ್ಲದಿದ್ದರೆ ನಿಮ್ಮ ವರದಿ ಎರಡು ಸಾಲಿಗೆ ಇಳಿದು, ಬರೀ ಫಲಿತಾಂಶವಾಗಿ ಒಳಪುಟದ ಮೂಲೆ ಸೇರುತ್ತಿತ್ತು.

'ಸ್ತಬ್ಧ' ಅಂದರೆ ಅವರಿಗೆ ಆಗುತ್ತಲೇ ಇರಲಿಲ್ಲ. "ಸ್ಟೇಡಿಯಂ ಸ್ತಬ್ಧ ಆಗೋದು ವಾಚ್‌ಮನ್ ಬೀಗ ಹಾಕಿದ ಮೇಲೆ ಕಣಯ್ಯಾ" ಅಂತ ಹೊಡೆದುಹಾಕುತ್ತಿದ್ದರು. 'ರೋಮಾಂಚಕ', 'ಅಮೋಘ', 'ಕಣ್ಮನ ಸೆಳೆಯುವ' ಇವೆಲ್ಲಕ್ಕೂ ಅದೇ ಗತಿ. ಆಗ ಅವರನ್ನು ಮನಸ್ಸಿನಲ್ಲೇ ಬೈದುಕೊಳ್ಳುತ್ತಿದ್ದೆವು. ಕ್ಯಾಂಟೀನಿನಲ್ಲಿ ಬಾಯಿಬಿಟ್ಟೂ ಬೈಯುತ್ತಿದ್ದೆವು. ಈಗ ನಿಮ್ಮ ಹಸ್ತಪ್ರತಿ ಹಿಡಿದು ಅವರ ಪ್ರಶ್ನೆಗಳನ್ನೇ ಕೇಳುತ್ತಿದ್ದೇನೆ ನೋಡಿ.

ನಾಲ್ಕನೆಯದು, "ನಾನೆಂದೂ ಮರೆಯಲಾರೆ." ಮರೆತಿಲ್ಲವಾದರೆ ಹೇಳಿ ಮತ್ತೆ! ಮೊದಲ ಇನಿಂಗ್‌ನಲ್ಲೇ ಒಬ್ಬ ಪ್ಯಾರಾಶೂಟ್ ಕಟ್ಟಿಕೊಂಡು, ಮೆಟ್ಸ್ ಪರ ಬ್ಯಾನರ್ ಹಿಡಿದು, ಮೈದಾನದ ಮಧ್ಯೆ ಇಳಿದ. ಪೊಲೀಸರು ಹಿಡಿದುಕೊಂಡು ಹೋದರು. ವರ್ಲ್ಡ್ ಸೀರೀಸ್ ನಡುವೆ ಆಕಾಶದಿಂದ ಮನುಷ್ಯ ಬಿದ್ದರೆ ನೀವು ನೋಡಿರಲೇಬೇಕಲ್ವಾ? ಒಂದು ಅಕ್ಷರ ಇಲ್ಲ. ಪಕ್ಕದಲ್ಲೇ ಲಗಾರ್ಡಿಯಾ ವಿಮಾನ ನಿಲ್ದಾಣ, ತಲೆ ಮೇಲೆ ವಿಮಾನಗಳ ಸದ್ದು. ಅದೂ ಇಲ್ಲ. ಇಬ್ಬರು ಔಟಾದಾಗ ಸ್ಕೋರ್‌ಬೋರ್ಡಿನಲ್ಲಿ ಬಾಸ್ಟನ್‌ಗೆ ಅಭಿನಂದನೆ ಒಂದು ಗಳಿಗೆ ಮಿಂಚಿ ಹೋಯಿತಂತೆ. ನಿಮಗೆ ಕಂಡಿತಾ? ಪಕ್ಕದ ಸೀಟಿನವರು ಎದ್ದು ಹೊರಟಿದ್ದರಾ? ನೀವೇ ಹೊರಡೋಣ ಅಂದುಕೊಂಡಿದ್ದಿರಾ? ಮನೆಗೆ ಎಷ್ಟೊತ್ತಿಗೆ ಮುಟ್ಟಿದಿರಿ? ಆ ಸ್ಟೇಡಿಯಂ ಈಗ ಇಲ್ಲ, 2009ರ ಹೊತ್ತಿಗೆ ಕೆಡವಿ ಆಯಿತು. ಬಕ್ನರ್ 2019ರಲ್ಲಿ ತೀರಿಕೊಂಡ. 2,715 ಹಿಟ್ ಹೊಡೆದ ಆಟಗಾರನನ್ನು ಜನ ಒಂದು ಚೆಂಡಿಗೆ ಕಟ್ಟಿಹಾಕಿದರು. 2008ರಲ್ಲಿ ಬಾಸ್ಟನ್‌ನವರೇ ಅವನನ್ನು ಕರೆಸಿ, ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವರೇ ಬಿಟ್ಟ ಸಿಟ್ಟನ್ನು ನೀವು ನ್ಯೂಜೆರ್ಸಿಯಲ್ಲಿ ಕೂತು ಇನ್ನೂ ಸಾಕುತ್ತಿದ್ದೀರಿ.

ಜಾಝ್ ಭಾಗದಲ್ಲೂ ಇದೇ ತೊಂದರೆ, ಬಟ್ಟೆ ಮಾತ್ರ ಬೇರೆ. ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್‌ನ 'ಕೈಂಡ್ ಆಫ್ ಬ್ಲೂ' ಬಗ್ಗೆ "ಮಾತಿಗೆ ನಿಲುಕದ ಸಂಗೀತ, ಜಗತ್ತಿನ ಸರ್ವಶ್ರೇಷ್ಠ ರೆಕಾರ್ಡು" ಎಂದು ಬರೆದು ಮೂರು ಪುಟ ಮಾತಾಡಿದ್ದೀರಿ. ಒಂದು ವಾದ್ಯದ ಸದ್ದೂ ಕೇಳಿಸಲಿಲ್ಲ. ನೀವೇ ಕೊಟ್ಟ ಎರಡು ಸುಳಿವುಗಳನ್ನು ನೀವೇ ಮರೆತಿರಿ. ಒಂದು, ಹುಡುಗನಾಗಿದ್ದಾಗ ಪಿಟೀಲು ಕಲಿತವರು ನೀವು. ಇನ್ನೊಂದು, ಅಮೆರಿಕಕ್ಕೆ ಹೋದ ಹೊಸದರಲ್ಲಿ ಆ ಎಲ್‌ಪಿ ಕೊಂಡಿರಿ, ಬಹಳ ವರ್ಷ ಕಳೆದು ಹೊಸ ಸಿಡಿಯನ್ನೂ ಕೊಂಡಿರಿ. ಈಗ ಕೇಳಿ. ಆ ರೆಕಾರ್ಡಿಂಗ್ ನಡೆದದ್ದು 1959ರಲ್ಲಿ ಎರಡು ದಿನ, ಮಾರ್ಚ್ 2 ಮತ್ತು ಏಪ್ರಿಲ್ 22. ಮಾರ್ಚ್ 2ರಂದು ಮುಖ್ಯ ಟೇಪ್ ಯಂತ್ರ ಸ್ವಲ್ಪ ನಿಧಾನವಾಗಿ ಓಡುತ್ತಿತ್ತು. ಹಾಗಾಗಿ ಸರಿಯಾದ ವೇಗದಲ್ಲಿ ನುಡಿಸಿದಾಗ ಎಲ್‌ಪಿಯ ಮೊದಲ ಬದಿಯ ಮೂರೂ ತುಣುಕುಗಳು ತುಸು ಮೇಲಿನ ಶ್ರುತಿಯಲ್ಲಿ ಬರುತ್ತಿದ್ದವು. ಇದನ್ನು ಸರಿಪಡಿಸಿದ್ದು 1990ರ ದಶಕದ ಮರುಮುದ್ರಣಗಳಲ್ಲಿ. ಶ್ರುತಿ ಪೆಟ್ಟಿಗೆ ಮುಂದೆ ಕೂತು ಪಳಗಿದ ಕಿವಿ ನಿಮ್ಮದು. ಹಳೆಯ ಎಲ್‌ಪಿ, ಹೊಸ ಸಿಡಿ ಎರಡೂ ಕಪಾಟಿನಲ್ಲಿವೆ. ವ್ಯತ್ಯಾಸ ಕೇಳಿಸಿತಾ? ಕೇಳಿಸದಿದ್ದರೆ ಅದೂ ಒಳ್ಳೆಯ ವಿಷಯವೇ. ಇವತ್ತು ಸಂಜೆ ಎರಡನ್ನೂ ಹಾಕಿ ಕೇಳಿ, ಆಮೇಲೆ ಬರೆಯಿರಿ. 'ಸರ್ವಶ್ರೇಷ್ಠ' ಅನ್ನೋ ಬಿರುದು ಯಾರು ಬೇಕಾದರೂ ಕೊಡುತ್ತಾರೆ.

ಅದೇ ಪುಟದಲ್ಲಿ "ಸ್ಟುಡಿಯೋ ಸಂಗೀತದಲ್ಲಿ ಜೀವವಿಲ್ಲ, ಲೈವ್ ಮಾತ್ರ ನಿಜ" ಎಂಬ ತೀರ್ಪೂ ಇದೆ. ನೀವು ಸರ್ವಶ್ರೇಷ್ಠ ಎಂದದ್ದು ಸ್ಟುಡಿಯೋ ರೆಕಾರ್ಡು. ಲೈವ್‌ಗೆ ಸಾಕ್ಷಿಯಾಗಿ ಕೊಟ್ಟದ್ದು ಡ್ಯೂಕ್ ಎಲಿಂಗ್ಟನ್ ತನ್ನ ತಂಡದೊಂದಿಗೆ 1956ರಲ್ಲಿ ನ್ಯೂಪೋರ್ಟ್ ಜಾಝ್ ಉತ್ಸವದಲ್ಲಿ ನುಡಿಸಿದ ರೆಕಾರ್ಡು. ಆದರೆ ಎಷ್ಟೋ ವರ್ಷ ಅಂಗಡಿಯಲ್ಲಿ ಮಾರಿದ ಆ ಎಲ್‌ಪಿಯಲ್ಲಿ ಬಹಳಷ್ಟು ಭಾಗ ಆಮೇಲೆ ಸ್ಟುಡಿಯೋದಲ್ಲಿ ನುಡಿಸಿ, ಚಪ್ಪಾಳೆ ಸೇರಿಸಿದ್ದು. ಪೂರ್ತಿ ಕಛೇರಿ ಹೊರಬಂದದ್ದು 1999ರಲ್ಲಿ. ಆ ತಂಡದ ಪಾಲ್ ಗೊನ್ಸಾಲ್ವೆಸ್ 27 ಸುತ್ತು ಬಿಡದೆ ಸ್ಯಾಕ್ಸೊಫೋನ್ ನುಡಿಸಿದ್ದು ನಿಜವಾಗಿ ಅಲ್ಲಿಯೇ. ಆದರೆ ಅವನು ನಿಂತದ್ದು ಬೇರೆಯವರ ಮೈಕಿನ ಮುಂದೆ, ಹಾಗಾಗಿ ಹಳೆಯ ಎಲ್‌ಪಿಯಲ್ಲಿ ಅವನು ದೂರದಿಂದ ಕೇಳಿಸುತ್ತಾನೆ. ಅಭಿಮಾನಿಯ ಅಭಿಪ್ರಾಯ ಇಂಥ ಕಡೆ ಎಡವಬೇಕು, ಎಡವಿ ಯೋಚನೆ ಮಾಡಬೇಕು. ನಿಮ್ಮದು ನುಣ್ಣಗೆ ಜಾರಿಕೊಂಡು ಹೋಗಿದೆ.

ಇನ್ನೊಂದೇ ವಾಕ್ಯ ಹೇಳಿ ಜಾಝ್ ಬಿಡುತ್ತೇನೆ. "ಬಿಲ್ ಇವಾನ್ಸ್‌ನ ವಿಲೇಜ್ ವ್ಯಾನ್‌ಗಾರ್ಡ್ ರೆಕಾರ್ಡಿಂಗ್ ಎಂದರೆ ಹಿಮಾಲಯದ ಮೌನ." ಮೌನವಾ? ನ್ಯೂಯಾರ್ಕಿನ ಒಂದು ನೆಲಮಾಳಿಗೆ ಕ್ಲಬ್ಬು, 1961ರ ಜೂನ್ 25, ಭಾನುವಾರ. ಆ ರೆಕಾರ್ಡಿನಲ್ಲಿ ಗ್ಲಾಸು ತಾಗುವ ಸದ್ದಿದೆ, ಜನ ಹರಟೆ ಹೊಡೆಯುತ್ತಾರೆ, ಯಾರೋ ನಗುತ್ತಾರೆ. ಪಿಯಾನೊ ನುಡಿಸುವ ಇವಾನ್ಸ್ ಪಕ್ಕದಲ್ಲಿ ಸ್ಕಾಟ್ ಲಫಾರೊ ಬಾಸ್ ನುಡಿಸುತ್ತಿದ್ದಾನೆ. 25 ವರ್ಷದ ಹುಡುಗ. ಅಲ್ಲಿಂದ 11 ದಿನಕ್ಕೆ ಕಾರು ಅಪಘಾತದಲ್ಲಿ ಹೋದ. ಅಂಥ ಸಂಗೀತ ನಡೆಯುತ್ತಿರುವಾಗ ಅವರ ಪಾಡಿಗೆ ಅವರು ಕುಡಿಯುತ್ತಾ ಮಾತಾಡುತ್ತಿದ್ದ ಜನ! ನನಗಾದರೆ ಬರೆಯಬೇಕಾದ್ದು ಅದು. ಹಿಮಾಲಯ ಅಲ್ಲಿಗೆ ಯಾಕೆ ಬಂತೋ ಗೊತ್ತಿಲ್ಲ.

ಕ್ರಿಕೆಟ್ ಹೋಲಿಕೆಗಳನ್ನೆಲ್ಲ ತೆಗೆಯಿರಿ, ಚರ್ಚೆ ಬೇಡ. ಓದುಗರಿಗೆ ನೀವು ತೋರಿಸಿದರೆ ಬೇಸ್‌ಬಾಲ್ ಅರ್ಥವಾಗುತ್ತದೆ. ಕೊನೆಯಲ್ಲಿ "ಕನ್ನಡಿಗರಿಗೂ ಜಾಝ್‌ಗೂ ಎತ್ತಣಿಂದೆತ್ತ" ಅಂತ ಬರೆದದ್ದನ್ನೂ ಹೊಡೆದುಹಾಕಿದ್ದೇನೆ. ಜಾಝ್ ದಿಗ್ಗಜ ಚಾರ್ಲ್ಸ್ ಮಿಂಗಸ್ ಜೊತೆ ನುಡಿಸಿದ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡದ ಜೊತೆ 1983ರಲ್ಲೇ 'ಜ್ಯೋತಿ' ರೆಕಾರ್ಡು ಮಾಡಿದ್ದಾನೆ, ಅದರಲ್ಲಿ ರಮಾಮಣಿಯವರ ಹಾಡಿದೆ. ನಮ್ಮ ಕದ್ರಿ ಗೋಪಾಲನಾಥರು ಅಮೆರಿಕದ ಜಾಝ್ ಸ್ಯಾಕ್ಸೊಫೋನ್ ವಾದಕ ರುದ್ರೇಶ್ ಮಹಂತಪ್ಪ ಜೊತೆ ನುಡಿಸಿದ 'ಕಿನ್ಸ್‌ಮೆನ್' 2008ರದ್ದು. ಹುಡುಕಿ ಕೇಳಿ.

ಲೇಖನ ಈ ರೂಪದಲ್ಲಿ ಹಾಕುವುದಿಲ್ಲ. ನನಗೆ ಬೇಕಿರುವುದು ಆ ಹತ್ತನೇ ಇನಿಂಗ್ ಒಂದೇ. ಸೀಟಿನಲ್ಲಿ ಕೂತಲ್ಲಿಂದ ಶುರು ಮಾಡಿ, ಸ್ಟೇಡಿಯಂನಿಂದ ಹೊರಗೆ ಬಂದಲ್ಲಿಗೆ ನಿಲ್ಲಿಸಿ. ನೋಡಿದ್ದನ್ನು ಬರೆಯಿರಿ, ನೋಡದ್ದನ್ನು ಬಿಡಿ. ಪ್ಯಾರಾಶೂಟಿನವನು ಇಳಿದಾಗ ತಿಂಡಿ ತರಲು ಹೋಗಿದ್ದರೆ ಹಾಗಂತಲೇ ಬರೆಯಿರಿ, ಅದು ಇನ್ನೂ ಚೆನ್ನ. ಎಂಟು ನೂರು ಪದ ಸಾಕು. ಎಲ್‌ಪಿ ಮತ್ತು ಸಿಡಿಯ ಕಥೆಯನ್ನು ಬೇರೆಯಾಗಿ ಕಳಿಸಿ, ಅದಕ್ಕೂ ಜಾಗ ಇಟ್ಟಿರುತ್ತೇನೆ. ದೀಪಾವಳಿ ಸಂಚಿಕೆಯ ಪುಟಗಳು ಮುಂದಿನ ತಿಂಗಳ ಕೊನೆಗೆ ಮುಚ್ಚುತ್ತವೆ. ಈ ಸಲ ದಯವಿಟ್ಟು ಯೂನಿಕೋಡ್‌ನಲ್ಲಿ ಕಳಿಸಿ. ಹಳೆಯ ನುಡಿ ಫಾಂಟಿನಲ್ಲಿ ಬಂದ ನಿಮ್ಮ ಒತ್ತಕ್ಷರಗಳನ್ನು ಸರಿಮಾಡುವಷ್ಟರಲ್ಲಿ ನಮ್ಮ ಹುಡುಗಿ ಹೈರಾಣಾಗಿದ್ದಾಳೆ.